ಬೋರ್ ನೀರಿನಲ್ಲಿ ಏನೋ ಇದೆ ಅನ್ನಿಸಿದಾಗ: ಬೇಯದ ಬ್ಯಾಳಿಯಿಂದ ಯುರೇನಿಯಂವರೆಗೆ

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ನಮ್ಮ ಅಂಗಡಿಗೆ ಬೈಕ್ ಮೇಲೆ ಬಂದ. ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರಿನಿಂದ ಮೋಟರ್ ಎತ್ತುವುದು, ಇಳಿಸುವುದೂ ನಮ್ಮದೇ ಕೆಲಸ. ಹುಡುಗನ ಕೈಯಲ್ಲಿ ಒಂದು ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಮೊಬೈಲು.

"ಕಾಕಾ, ನಮ್ಮ ಬೋರಿಗೆ ಯುರೇನಿಯಂ ಬಂದದ್ರಿ. ನೀರು ಹಾಲಿನಂಗ ಬರ್ಲಿಕತ್ತದ" ಅಂದ. ಮೊಬೈಲಿನಲ್ಲಿ ನಮ್ಮ ಹತ್ತಿರದ ಗೋಗಿ ಊರಿನ ಯುರೇನಿಯಂ ಗಣಿ ಪ್ರಸ್ತಾಪದ ಬಗ್ಗೆ ಯಾರೋ ಮಾಡಿದ ವಿಡಿಯೋ ಓಡುತ್ತಿತ್ತು. ತೋರಿಸೋಣ ಅಂತ ಬಾಟಲಿ ಎತ್ತಿದರೆ ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ಅವನಿಗೇ ಪೆಚ್ಚಾಯಿತು. ಅವನ ಬೋರಿನ ದೋಷ ಏನು ಅಂತ ನನಗೆ ಅಲ್ಲೇ ಅರ್ಧ ಗೊತ್ತಾಯಿತು. ಉಳಿದರ್ಧಕ್ಕೆ ಲ್ಯಾಬ್ ಬೇಕಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಕಣ್ಣಿಗೆ ಕಾಣುವ, ನಾಲಿಗೆಗೆ ಹತ್ತುವ ದೋಷಗಳಲ್ಲಿ ಹೆಚ್ಚಿನವು ಪೈಪು, ಪಂಪು, ಕಲ್ಲಿನವು. ಅವನ್ನು ಮನೆಯಲ್ಲೇ ಹಿಡಿಯಬಹುದು. ದೇಹಕ್ಕೆ ನಿಜವಾಗಿ ಕೆಡುಕು ಮಾಡುವ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಯುರೇನಿಯಂ ಇವಕ್ಕೆ ಕುಡಿಯುವ ನೀರಿನಲ್ಲಿ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ. ಬೇಕಾದ ಸಾಮಾನು: ಒಂದು ಗಾಜಿನ ಲೋಟ, ನಿಂಬೆಹಣ್ಣು, ಚಹಾ ಪುಡಿ, ಸೋಪಿನ ಚೂರು. ಇಷ್ಟೇ.

ನೀರು ಹಾಲಿನಂತೆ ಬೆಳ್ಳಗೆ ಬರುತ್ತಿದೆ

ಗಾಜಿನ ಲೋಟದಲ್ಲಿ ಹಿಡಿದು ಕಟ್ಟೆಯ ಮೇಲಿಟ್ಟು ಎರಡು ನಿಮಿಷ ನೋಡಿ. ಕೈ ಆಡಿಸಬೇಡಿ.

ಲೋಟದ ತಳ ಮೊದಲು ತಿಳಿಯಾಗಿ, ಬಿಳುಪು ಮೇಲಕ್ಕೆ ಸರಿಯುತ್ತಾ ಮಾಯವಾದರೆ ಅದು ಬರೀ ಗಾಳಿ. ಕುಡಿದರೆ ಏನೂ ಆಗುವುದಿಲ್ಲ. ಆದರೆ ಮೋಟರಿಗೆ ಆಗುತ್ತದೆ. ಬೋರಿನಲ್ಲಿ ನೀರು ಇಳಿದು ಪಂಪು ಗಾಳಿ ಎಳೆಯುತ್ತಿದೆ ಅಂತ ಅರ್ಥ, ಇಲ್ಲವೇ ಪೈಪಿನ ಜಾಯಿಂಟ್ ಸಡಿಲವಾಗಿದೆ. ಸ್ಟಾರ್ಟರ್ ಬಾಕ್ಸಿನ ಆಂಪ್ ಮೀಟರ್ ನೋಡಿ. ಮುಳ್ಳು ಒಂದೇ ಕಡೆ ನಿಲ್ಲದೆ ಕುಣಿಯುತ್ತಿದ್ದರೆ ಆಫ್ ಮಾಡಿ. ಒಣ ಓಡಿದರೆ ವೈಂಡಿಂಗ್ ಸುಡುತ್ತದೆ, ಆಮೇಲೆ ನಮ್ಮ ಅಂಗಡಿಗೇ ಬರಬೇಕು. ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ ನೀರು ಕಡಿಮೆ ಎಳೆದು ನೋಡಿ. ಅದರಿಂದ ಸರಿಹೋಗದಿದ್ದರೆ ಮೋಟರನ್ನು ಒಂದೆರಡು ಪೈಪು ಕೆಳಗೆ ಇಳಿಸಬೇಕು.

ಬಿಳುಪು ತಳಕ್ಕೆ ಕೂತರೆ ಅದು ಕಲ್ಲಿನ ಪುಡಿ ಅಥವಾ ಸುಣ್ಣ. ಹೊಸ ಬೋರಿನಲ್ಲಿ ಕೆಲವು ದಿನ ಹೀಗೆ ಬರುವುದು ಸಾಮಾನ್ಯ. ಹಳೇ ಬೋರಿನಲ್ಲಿ ಇದ್ದಕ್ಕಿದ್ದಂತೆ ಶುರುವಾದರೆ ಗೋಡೆ ಕುಸಿಯುತ್ತಿರಬಹುದು. ಆಗ ಮೋಟರ್ ಹೂತುಹೋಗುವ ಮೊದಲು ಎತ್ತಿಸಿ.

ಮೋಟರ್ ಎತ್ತುವ ಕೆಲಸ ಮನೆಯವರು ಕೈ ಹಾಕುವಂಥದ್ದಲ್ಲ. ಮೇನ್ ಸ್ವಿಚ್ ಇಳಿಸಿ, ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ನಾವೂ ಕೇಬಲ್ ಮುಟ್ಟುವುದು. ಎತ್ತಿದ ಮೇಲೆ ಬೋರಿನ ಬಾಯಿಗೆ ಕ್ಯಾಪ್ ಹಾಕದೆ ಚಹಾ ಕುಡಿಯಲೂ ಹೋಗಬೇಡಿ. ಮಕ್ಕಳು ಓಡಾಡುವ ಜಾಗ ಅದು.

ಬ್ಯಾಳಿ ಬೇಯುತ್ತಿಲ್ಲ, ಸೋಪು ನೊರೆ ಬರುತ್ತಿಲ್ಲ

ತೊಗರಿ ಕಣಜ ಅನ್ನಿಸಿಕೊಂಡ ಕಲಬುರಗಿಯಲ್ಲೇ ಬ್ಯಾಳಿ ಬೇಯುವುದಿಲ್ಲ ಅಂದರೆ ನಗು ಬರುತ್ತದೆ ಅಲ್ವಾ? ಆದರೆ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಅಕ್ಕಂದಿರಿಗೆ ಇದು ದಿನದ ಗೋಳು.

ಮೊದಲು ಬ್ಯಾಳಿಯದೇ ತಪ್ಪೋ ನೋಡಿ. ಅದೇ ಬ್ಯಾಳಿ, ಅದೇ ಕುಕ್ಕರ್, ಅಷ್ಟೇ ಸೀಟಿ. ಒಂದು ಸಲ ಬೋರ್ ನೀರು, ಇನ್ನೊಂದು ಸಲ ಕ್ಯಾನ್ ನೀರು. ಎರಡರಲ್ಲೂ ಬೇಯದಿದ್ದರೆ ಬ್ಯಾಳಿ ಹಳೆಯದು, ಅಂಗಡಿಯವನನ್ನು ಕೇಳಿ. ಕ್ಯಾನ್ ನೀರಿನಲ್ಲಿ ಬೆಂದು ಬೋರ್ ನೀರಿನಲ್ಲಿ ಬೇಯದಿದ್ದರೆ ನೀರು ಗಡಸು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬ್ಯಾಳಿಯ ಅಂಟನ್ನು ಹಿಡಿದು ಬಿಗಿ ಮಾಡುತ್ತವೆ. ಅದಕ್ಕೇ ಕಾಳು ಒಡೆಯುವುದಿಲ್ಲ. ಸೋಪು ನೊರೆ ಬರದಿರುವುದೂ ಇವೆರಡರಿಂದಲೇ.

ಎರಡನೇ ಗುರುತು ಒಲೆಯ ಮೇಲಿದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟಿದೆಯಾ? ಅದರ ಮೇಲೆ ನಿಂಬೆ ಹಿಂಡಿ. ಸಣ್ಣಗೆ ಬುರುಬುರು ಗುಳ್ಳೆ ಎದ್ದರೆ ಸುಣ್ಣ. ನಿಮ್ಮ ಅಂಗಳದ ಶಹಾಬಾದ್ ಪರಸಿ ಇದೆಯಲ್ಲ, ಅದೇ ಕಲ್ಲು ಕರಗಿ ಪಾತ್ರೆಯಲ್ಲಿ ಮತ್ತೆ ಕೂತಿದೆ. ಭೀಮಾ ತೀರದ ಸುಣ್ಣಕಲ್ಲಿನ ಪಟ್ಟಿ ಇದು. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ.

ಇದರಿಂದ ಆರೋಗ್ಯಕ್ಕೆ ದೊಡ್ಡ ಭಯವಿಲ್ಲ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ನಮ್ಮ ಕಡೆ ಎತ್ತಿದ ಪೈಪುಗಳಲ್ಲಿ ಬೆರಳು ದಪ್ಪ ಸುಣ್ಣ ಕಟ್ಟಿದ್ದನ್ನು ನೋಡಿದ್ದೇನೆ. ಕಬ್ಬಿಣದ ಪೈಪಿನೊಳಗೆ ಇನ್ನೊಂದು ಕಲ್ಲಿನ ಪೈಪು ಇದ್ದಂತೆ. ಅಂಥ ಬೋರಿನ ನೀರು ಹಲವು ವರ್ಷ ಕುಡಿದವರು ಗಟ್ಟಿಯಾಗಿಯೇ ಇದ್ದಾರೆ, ಗೀಸರ್ ಮಾತ್ರ ಹೋಗಿರುತ್ತದೆ.

ಚಹಾ ಕಪ್ಪಾಗುತ್ತದೆ, ಕೊಡದ ತಳ ಕೆಂಪು

ಹಾಲು ಹಾಕದ ಚಹಾ ಮಸಿಯಂತೆ ಕಪ್ಪಾದರೆ ನೀರಿನಲ್ಲಿ ಕಬ್ಬಿಣ ಇದೆ. ಚಹಾದ ಒಗರು ಕಬ್ಬಿಣದ ಜೊತೆ ಸೇರಿದರೆ ಆ ಬಣ್ಣ ಬರುತ್ತದೆ.

ಕಬ್ಬಿಣ ಪೈಪಿನದೋ ನೆಲದ್ದೋ? ಬೆಳಿಗ್ಗೆ ಮೋಟರ್ ಹಾಕಿದ ಕೂಡಲೇ ಕೆಂಪಗೆ ಬಂದು, ಹತ್ತು ನಿಮಿಷಕ್ಕೆ ತಿಳಿಯಾದರೆ ನಿಮ್ಮ ಪೈಪು ತುಕ್ಕು ಹಿಡಿದಿದೆ. ಬರುವಾಗ ತಿಳಿಯಾಗಿದ್ದು, ಕೊಡದಲ್ಲಿ ಒಂದೆರಡು ತಾಸು ಇಟ್ಟ ಮೇಲೆ ಕೆಂಪಾದರೆ ನೆಲದ ಕಬ್ಬಿಣ. ಗಾಳಿ ತಾಗಿದ ಮೇಲೆ ಅದು ಬಣ್ಣ ತಿರುಗುತ್ತದೆ. ರಾತ್ರಿಯಿಡೀ ಅಗಲ ಪಾತ್ರೆಯಲ್ಲಿಟ್ಟು, ಮೇಲಿನ ತಿಳಿ ನೀರು ಸೋಸಿದರೆ ಬಹುಪಾಲು ಹೋಗುತ್ತದೆ.

ಬೀದರ್ ಕಡೆಯವರು ಕೆಂಪು ಕಂಡ ಕೂಡಲೇ ಜಂಬಿಟ್ಟಿಗೆ ಅನ್ನುತ್ತಾರೆ. ಆ ಊರು ಕೂತಿರುವುದೇ ಕೆಂಪು ಕಲ್ಲಿನ ಮೇಲೆ, ಕೆಳಗೆ ಕರಿಕಲ್ಲು. ಆ ಕೆಂಪು ಕಲ್ಲನ್ನೇ ಕೊರೆದು ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ಮಾಡಿದ್ದು. ಆದರೂ ಮೊದಲು ಪೈಪು ನೋಡಿ, ಆಮೇಲೆ ಕಲ್ಲಿಗೆ ಬೈಯಿರಿ.

ಕೊಳೆತ ಮೊಟ್ಟೆಯ ವಾಸನೆ

ಬಿಸಿ ನೀರಿಗೆ ಮಾತ್ರ ವಾಸನೆ ಇದ್ದರೆ ಗೀಸರ್. ಟ್ಯಾಂಕಿನ ನಲ್ಲಿಯಲ್ಲಿ ಮಾತ್ರ ಇದ್ದರೆ ಟ್ಯಾಂಕ್ ಹತ್ತಿ ನೋಡಿ, ಹಲ್ಲಿಯೋ ಪಾರಿವಾಳವೋ ಸಿಕ್ಕೀತು. ಬೋರಿನ ಬಾಯಲ್ಲೇ ಇದ್ದರೆ ಗಾಳಿ ಸಿಗದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳು ಗಂಧಕದ ಅನಿಲ ಮಾಡುತ್ತಿವೆ. ದಿನಗಟ್ಟಲೆ ಓಡಿಸದ ಬೋರಿನಲ್ಲಿ ಇದು ಜಾಸ್ತಿ. ಅರ್ಧ ತಾಸು ನೀರು ಹೊರಗೆ ಬಿಟ್ಟು ನೋಡಿ.

ಸೀಮೆಎಣ್ಣೆ, ಬಣ್ಣ, ಔಷಧದಂಥ ಘಾಟು ಬಂದರೆ ಅಲ್ಲಿಗೇ ನಿಲ್ಲಿಸಿ. ಕುಡಿಯಬೇಡಿ, ಸ್ನಾನಕ್ಕೂ ಬೇಡ, ಹತ್ತಿರ ಬೀಡಿ ಹಚ್ಚಬೇಡಿ. ಕೈಗಾರಿಕಾ ಪ್ರದೇಶದ ಆಸುಪಾಸಿನವರು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ಕೊಡಿ, ಬಾಯಿಮಾತು ಸಾಲದು. ಹಾಳು ಬಾವಿಯೊಳಗೆ ವಾಸನೆ ಹುಡುಕಲು ಯಾರೂ ಇಳಿಯಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ.

ಮಳೆ ಬಂದ ಮರುದಿನ ನೀರು ಕದಡು

ಐನೂರು ಅಡಿ ಕೆಳಗಿನ ನೀರಿಗೆ ನಿನ್ನೆಯ ಮಳೆ ಇವತ್ತೇ ಹೇಗೆ ಮುಟ್ಟಿತು? ಮುಟ್ಟಬಾರದು. ಮುಟ್ಟಿದೆ ಅಂದರೆ ಕೇಸಿಂಗ್ ಪೈಪಿನ ಪಕ್ಕದಿಂದ ಮೇಲಿನ ನೀರು ಇಳಿಯುತ್ತಿದೆ. ಕೇಸಿಂಗ್ ನೆಲದಿಂದ ಒಂದಡಿಯಾದರೂ ಮೇಲಿದೆಯಾ, ಸುತ್ತ ಸಿಮೆಂಟ್ ಕಟ್ಟೆ ಇದೆಯಾ, ಬಿರುಕಿದೆಯಾ ನೋಡಿ. ದನ ಕಟ್ಟುವ ಜಾಗ, ಪಾಯಿಖಾನೆ ಗುಂಡಿ ಎಷ್ಟು ದೂರ ಅಂತ ಹೆಜ್ಜೆ ಹಾಕಿ ಅಳೆಯಿರಿ. ಕಲ್ಲಿನ ನೆಲದಲ್ಲಿ ಬಿರುಕಿನಗುಂಟ ಕೊಳೆ ಬಹಳ ದೂರ ಓಡುತ್ತದೆ.

ನೈಟ್ರೇಟ್ ಕೂಡ ಇದೇ ದಾರಿಯಲ್ಲಿ ಬರುತ್ತದೆ. ಮುಖ್ಯ ಮೂಲ ಎರಡು: ಗುಂಡಿ ಮತ್ತು ಯೂರಿಯಾ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಇದು ಅಪಾಯ, ರಕ್ತ ಉಸಿರನ್ನು ಹೊರಲಾರದೆ ತುಟಿ, ಉಗುರು ನೀಲಿಯಾಗುತ್ತವೆ. ಹಾಗಾದರೆ ಕೂಡಲೇ ಆಸ್ಪತ್ರೆಗೆ ಓಡಿ.

ಕದಡು ಇರುವಷ್ಟು ದಿನ ಕುದಿಸಿಯೇ ಕುಡಿಯಿರಿ. ತಿಳಿ ನೀರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಹಾಕಿದ ಮೇಲೆ ಅರ್ಧ ತಾಸು ಬಿಡಬೇಕು. ಇದು ರೋಗಾಣುವಿಗೆ ಮಾತ್ರ ಮದ್ದು. ನೈಟ್ರೇಟ್, ಫ್ಲೋರೈಡ್, ಯುರೇನಿಯಂ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ.

ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ಅಂಗೈ ಚರ್ಮ ಗಂಟು ಗಂಟು

ಇಲ್ಲಿಂದ ಮುಂದೆ ಲಕ್ಷಣ ನೀರಿನಲ್ಲಿ ಇರುವುದಿಲ್ಲ, ಮೈಮೇಲೆ ಇರುತ್ತದೆ. ಅಂದರೆ ತಡವಾಗಿದೆ ಅಂತಲೇ ಲೆಕ್ಕ.

ಊರಿನ ಶಾಲೆಯಲ್ಲಿ ನಾಲ್ಕು ಮಕ್ಕಳ ಮುಂದಿನ ಹಲ್ಲುಗಳಲ್ಲಿ ಅಡ್ಡಡ್ಡ ಹಳದಿ, ಕಂದು ಪಟ್ಟೆ ಇದ್ದರೆ ಫ್ಲೋರೈಡ್ ಅಂತ ಅನುಮಾನಿಸಿ. ಅದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರು ಕುಡಿಯಬಾರದು. ಯಾದಗಿರಿಯ ಕಗ್ಗಲ್ಲಿನ ಸೀಮೆಗೆ ಇದು ಹಳೇ ಶನಿ. ಬೋರ್ ಆಳಕ್ಕೆ ಹೋದರೆ ಒಳ್ಳೇ ನೀರು ಸಿಗುತ್ತದೆ ಅಂತ ಜನ ಸಾಲ ಮಾಡಿ ಕೊರೆಸುತ್ತಾರೆ. ಫ್ಲೋರೈಡ್ ವಿಷಯದಲ್ಲಿ ಎಷ್ಟೋ ಸಲ ಆಳದ ನೀರೇ ಕೆಟ್ಟದ್ದು, ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದ ನೀರು ಅದು.

ಅಂಗೈ, ಅಂಗಾಲಿನಲ್ಲಿ ಗಡುಸಾದ ಗಂಟು, ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆ ಕಂಡರೆ ಆರ್ಸೆನಿಕ್ ಪರೀಕ್ಷೆ ಮಾಡಿಸಲೇಬೇಕು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಇದೇ ಕಾರಣಕ್ಕೆ. ಚಿನ್ನ ಸಿಗುವ ಕಲ್ಲಿನ ಜೊತೆಗೆ ಆರ್ಸೆನಿಕ್ಕೂ ಇರುತ್ತದೆ. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ನೂರನೇ ಒಂದು ಪಾಲು.

ಚರ್ಮದ ಡಾಕ್ಟರಿಗೆ ತೋರಿಸುವಾಗ ನೀರಿನ ವಿಷಯ ನೀವೇ ಎತ್ತಿ. ಅವರಿಗೆ ನಿಮ್ಮ ಬೋರಿನ ಬಗ್ಗೆ ಹೇಗೆ ಗೊತ್ತಾಗಬೇಕು?

ಏನೂ ಕಾಣುತ್ತಿಲ್ಲ, ಆದರೂ ಭಯ: ಯುರೇನಿಯಂ, ಅಣುಸ್ಥಾವರ, ವಿಕಿರಣ

ಬಂದ ಹುಡುಗನ ನಿಜವಾದ ಪ್ರಶ್ನೆ ಇದೇ. ಇದರಲ್ಲಿ ಎರಡು ಬೇರೆ ಭಯಗಳು ಗಂಟು ಬಿದ್ದಿವೆ. ಬಿಡಿಸೋಣ.

ಒಂದು, ಕಲ್ಲಿನ ಯುರೇನಿಯಂ. ಆದಿಲ್‌ಶಾಹಿ ಸುಲ್ತಾನರ ಗೋರಿಗಳಿರುವ ನಮ್ಮ ಗೋಗಿಯ ನೆಲದಡಿ, ಸುಣ್ಣಕಲ್ಲು ಕಗ್ಗಲ್ಲಿಗೆ ಸೇರುವ ಬಿರುಕಿನ ಸಾಲಿನಲ್ಲಿ ಯುರೇನಿಯಂ ಅದಿರು ಇದೆ. ಗಣಿ ಮಾಡುವ ಪ್ರಸ್ತಾಪ ಬಂತು, ಊರವರು ವಿರೋಧಿಸಿದರು. ಇಲ್ಲಿ ಅಣುಸ್ಥಾವರ ಇಲ್ಲ. ಗಣಿ ಇರಲಿ ಬಿಡಲಿ, ಅಂಥ ಕಲ್ಲಿನ ನಡುವೆ ನಿಂತ ನೀರು ಸ್ವಲ್ಪ ಯುರೇನಿಯಂ ಕರಗಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇದನ್ನು ಇಟ್ಟಿರುವುದು ವಿಕಿರಣಕ್ಕಿಂತ ಮೂತ್ರಪಿಂಡದ ಕಾರಣಕ್ಕೆ. ಸೀಸದಂತೆ ಯುರೇನಿಯಂ ಕೂಡ ಒಂದು ಭಾರದ ಲೋಹ, ಕಿಡ್ನಿಗೆ ಹೊರೆ.

ಎರಡು, ಸ್ಥಾವರದಿಂದ ಸೋರುವ ಟ್ರಿಟಿಯಂ. ಇದು ಜಲಜನಕದ ವಿಕಿರಣಶೀಲ ರೂಪ. ನೀರಿನಲ್ಲಿ ಕರಗುವುದಲ್ಲ, ತಾನೇ ನೀರಾಗಿ ಹೋಗುತ್ತದೆ. ಅದಕ್ಕೇ ಆರ್‌ಒ ಯಂತ್ರಕ್ಕೂ ಸಿಗುವುದಿಲ್ಲ. 12.3 ವರ್ಷಕ್ಕೆ ಅರ್ಧ ಆಗುತ್ತದೆ. ನಮ್ಮ ರಾಜ್ಯದ ಸ್ಥಾವರ ಇರುವುದು ಕಾರವಾರದ ಕಡೆ, ಕೈಗಾದಲ್ಲಿ. ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಅಲ್ಲಿನ ಕಾಳಿ ಹೊಳೆ ಪಡುವಣಕ್ಕೆ ಸಮುದ್ರಕ್ಕೆ ಇಳಿಯುತ್ತದೆ, ನಮ್ಮ ಭೀಮೆ ಮೂಡಣಕ್ಕೆ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿನ ಅಂತರ್ಜಲ ಘಟ್ಟ ಹತ್ತಿ ಶಹಾಪುರಕ್ಕೆ ಬರುವುದಿಲ್ಲ. 2009ರ ನವೆಂಬರಿನಲ್ಲಿ ಕೈಗಾದ ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಏರಿದ್ದು ಕಂಡಿತು. ಹುಡುಕುತ್ತಾ ಹೋದರೆ ಒಂದು ವಾಟರ್ ಕೂಲರಿನ ಹತ್ತಿರ ನಿಂತರು. ಯಾರೋ ಬೇಕಂತಲೇ ಅದಕ್ಕೆ ಸ್ಥಾವರದ ಟ್ರಿಟಿಯಂ ಸೇರಿದ ಭಾರಜಲ ಬೆರೆಸಿದ್ದರು ಅಂತ ಅಧಿಕಾರಿಗಳು ಹೇಳಿದರು. ನೆಲ ಸೋರಿದ್ದಲ್ಲ. ಆದರೆ ನೋಡಿ, ನೀರಿನ ರುಚಿಯಿಂದ ಯಾರಿಗೂ ಗೊತ್ತಾಗಲಿಲ್ಲ, ಪರೀಕ್ಷೆಯಿಂದ ಗೊತ್ತಾಯಿತು.

ನೆಲ ಸೋರಿದ ಕಥೆ ಅಮೆರಿಕದ ವರ್ಮಾಂಟ್ ಯಾಂಕಿ ಸ್ಥಾವರದ್ದು. ನನ್ನಂಥ ರಿಪೇರಿಯವನಿಗೆ ಅದು ಬಹಳ ಹಿಡಿಸುವ ಕಥೆ. ಕನೆಕ್ಟಿಕಟ್ ನದಿಯ ದಂಡೆಯಲ್ಲಿ 1972ರಲ್ಲಿ ಶುರುವಾದ ಸ್ಥಾವರ. ನೆಲದಡಿ ವಿಕಿರಣಶೀಲ ನೀರಿನ ಪೈಪುಗಳೇ ಇಲ್ಲ ಅಂತ ಸ್ಥಾವರದವರು ರಾಜ್ಯಕ್ಕೆ ಹೇಳಿದ್ದರು. 2010ರ ಜನವರಿಯಲ್ಲಿ ಆವರಣದ ಒಂದು ನಿಗಾ ಬಾವಿಯ ನೀರಿನಲ್ಲಿ ಟ್ರಿಟಿಯಂ ಸಿಕ್ಕ ಸುದ್ದಿ ಹೊರಬಿತ್ತು. ಸೋರಿಕೆ ಎಲ್ಲಿ? ಅಷ್ಟು ದೊಡ್ಡ ಆವರಣವನ್ನೆಲ್ಲ ಅಗೆಯಲಾಗದು. ಅವರು ಮಾಡಿದ್ದು ಇಷ್ಟೇ: ಸುತ್ತಮುತ್ತ ಇನ್ನಷ್ಟು ಬಾವಿ ಕೊರೆದರು, ಎಲ್ಲದರ ನೀರು ಅಳೆದರು, ಅಂಕಿ ಯಾವ ಕಡೆ ಏರುತ್ತದೋ ಆ ಕಡೆ ಸರಿದರು. ಅಮೆರಿಕದ ಕುಡಿಯುವ ನೀರಿನಲ್ಲಿ ಟ್ರಿಟಿಯಂ ಮಿತಿ ಲೀಟರಿಗೆ 20,000 ಪಿಕೋಕ್ಯೂರಿ (ಇದು ವಿಕಿರಣ ಅಳೆಯುವ ಮಾನ). ಸೋರಿಕೆಯ ಮೂಲದ ಹತ್ತಿರ ಅಂಕಿ ಇಪ್ಪತ್ತು ಲಕ್ಷ ದಾಟಿತು. ಕೊನೆಗೆ ಸಿಕ್ಕಿದ್ದು ಪೈಪುಗಳು ಹಾದುಹೋಗುವ ನೆಲದಡಿಯ ಒಂದು ಕಾಂಕ್ರೀಟ್ ಸುರಂಗ. ಒಳಗೆ ಪೈಪು ಸೋರುತ್ತಿತ್ತು, ನೀರು ಹೊರಗೆ ಹೋಗಬೇಕಾದ ಚರಂಡಿ ಕಟ್ಟಿಕೊಂಡಿತ್ತು. ನಮ್ಮ ಬಚ್ಚಲಿನಲ್ಲಿ ಆಗುವುದೂ ಅದೇ ಅಲ್ವಾ? ಅದೇ ಫೆಬ್ರವರಿಯಲ್ಲಿ ರಾಜ್ಯದ ಸೆನೆಟ್ 26-4 ಮತಗಳಿಂದ ಅವಧಿ ವಿಸ್ತರಣೆ ಬೇಡ ಅಂದಿತು. ಆಮೇಲೆ ಕೋರ್ಟು ಕಚೇರಿ ನಡೆದು, ಖರ್ಚು ಗಿಟ್ಟದೆ, 2014ರ ಡಿಸೆಂಬರ್ 29ರಂದು ಸ್ಥಾವರ ನಿಂತಿತು. ಜನರನ್ನು ಕೆರಳಿಸಿದ್ದು ಟ್ರಿಟಿಯಂಗಿಂತ "ಪೈಪೇ ಇಲ್ಲ" ಅಂದ ಮಾತು ಅಂತ ನನಗನ್ನಿಸುತ್ತದೆ.

ಇಲಿನಾಯ್‌ನ ಬ್ರೇಡ್‌ವುಡ್ ಸ್ಥಾವರದಲ್ಲೂ ಹಾಗೇ. ನದಿಗೆ ನೀರು ಬಿಡುವ ಪೈಪ್‌ಲೈನಿನ ವಾಲ್ವುಗಳು 1996ರಿಂದಲೇ ಆಗಾಗ ಸೋರಿದ್ದವು. ಅಕ್ಕಪಕ್ಕದ ಮನೆಯವರಿಗೆ ವಿಷಯ ಗೊತ್ತಾದದ್ದು 2005ರ ಕೊನೆಗೆ. ರಿಯಾಕ್ಟರ್ ಸರಿಯಾಗಿಯೇ ಇತ್ತು, ಕೈಕೊಟ್ಟದ್ದು ವಾಲ್ವು.

ನಮ್ಮ ಊರಿಗೆ ಇದರಿಂದ ಸಿಗುವ ಕೈಚಳಕ ಒಂದೇ. ಒಂದು ಬೋರಿನ ನೀರು ಮಾತ್ರ ಕೊಟ್ಟು ಬರಬೇಡಿ. ನಿಮ್ಮದು, ಮೇಲಿನ ಓಣಿಯದು, ಕೆಳಗಿನ ಹೊಲದ್ದು, ಶಾಲೆಯದು, ನಾಲ್ಕನ್ನೂ ಒಂದೇ ದಿನ ಹಿಡಿಯಿರಿ. ಊರಿನ ನಕ್ಷೆ ಕೈಯಲ್ಲೇ ಬರೆದು ಪಕ್ಕದಲ್ಲಿ ಅಂಕಿ ಹಾಕಿ. ನಾಲ್ಕೂ ಕಡೆ ಹತ್ತಿರ ಹತ್ತಿರ ಇದ್ದರೆ ಬಹುಶಃ ಕಲ್ಲಿನ ಗುಣ. ಒಂದು ಕಡೆ ಏರಿ ದೂರಕ್ಕೆ ಇಳಿಯುತ್ತಾ ಹೋದರೆ ಅಲ್ಲಿ ಏನೋ ಸೋರುತ್ತಿದೆ.

ಇನ್ನೊಂದು ಮಾತು. ಆನ್‌ಲೈನಿನಲ್ಲಿ ಸಿಗುವ, ವಿಕಿರಣ ಅಳೆಯುವ ಗೈಗರ್ ಮೀಟರ್ ತಂದು ನೀರಿನ ಮೇಲೆ ಹಿಡಿದು ಸುಮ್ನೆ ಭಯ ಪಡಬೇಡಿ. ಟ್ರಿಟಿಯಂನ ಕಿರಣ ಎಷ್ಟು ಸಪ್ಪೆ ಅಂದರೆ ಆ ಮೀಟರಿಗೆ ತಾಗುವುದೇ ಇಲ್ಲ. 30 ಮೈಕ್ರೋಗ್ರಾಂ ಯುರೇನಿಯಂ ಕೂಡ ಅದಕ್ಕೆ ತಿಳಿಯುವುದಿಲ್ಲ. ಯಾದಗಿರಿ ಗುಡ್ಡದ ಕಗ್ಗಲ್ಲಿಗೆ ಹಿಡಿದರೆ ಮಾತ್ರ ಟಿಕ್ ಟಿಕ್ ಜಾಸ್ತಿ ಆಗುತ್ತದೆ. ಎಲ್ಲ ಊರಿನ ಕಗ್ಗಲ್ಲೂ ಹಾಗೇ. ವಿಡಿಯೋ ಮಾಡುವವರಿಗೆ ಅಷ್ಟು ಸಾಕು.

ಪರೀಕ್ಷೆಗೆ ನೀರು ಕೊಡುವುದು

ಗ್ರಾಮ ಪಂಚಾಯಿತಿಯಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಇರುತ್ತದೆ, ಮೊದಲು ಅದನ್ನೇ ಕೇಳಿ. ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಅದರಲ್ಲೇ ಅಂದಾಜು ಸಿಗುತ್ತದೆ. ಮಿತಿ ದಾಟಿದರೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲ್ಯಾಬ್. ಯುರೇನಿಯಂ, ಆರ್ಸೆನಿಕ್ ಬೇಕಿದ್ದರೆ ಹೆಸರು ಹಿಡಿದು ಕೇಳಬೇಕು. "ಎಲ್ಲಾ ಟೆಸ್ಟ್ ಮಾಡ್ರಿ" ಅಂದರೆ ಆ ಎರಡು ಸೇರದೇ ಹೋಗಬಹುದು.

ಮೋಟರ್ ಹತ್ತು ನಿಮಿಷ ಓಡಿಸಿ, ಟ್ಯಾಂಕಿನಿಂದಲ್ಲ, ಬೋರಿನ ಬಾಯಿಂದ ಹಿಡಿಯಿರಿ. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಿರಿ. ತಂಪು ಪಾನೀಯದ ಹಳೇ ಬಾಟಲಿ ಬೇಡ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಐಸ್ ಜೊತೆಗೆ ಅದೇ ದಿನ ಮುಟ್ಟಿಸಬೇಕು.

ಯುರೇನಿಯಂ, ಆರ್ಸೆನಿಕ್, ಫ್ಲೋರೈಡ್ ಮಿತಿ ಮೀರಿದರೆ ಆ ನೀರು ಕುಡಿಯಲು, ಅಡುಗೆಗೆ ಬೇಡ. ಬಟ್ಟೆ, ಸ್ನಾನಕ್ಕೆ ನಡೆಯುತ್ತದೆ. ಚೆನ್ನಾಗಿ ನೋಡಿಕೊಂಡ ಆರ್‌ಒ ಮೂರನ್ನೂ ಬಹುಪಾಲು ತೆಗೆಯುತ್ತದೆ. ಆದರೆ ಹೊರಗೆ ಬಿಡುವ ನೀರಿನಲ್ಲಿ ಅವೇ ದಪ್ಪಗಾಗಿರುತ್ತವೆ, ಅದನ್ನು ದನದ ತೊಟ್ಟಿಗೆ ಬಿಡಬೇಡಿ.

ಆ ಹುಡುಗನ ಬೋರಿನ ಕಥೆ: ಹಾಲಿನಂಥ ನೀರು ಗಾಳಿಯದೇ. ಎರಡು ಪೈಪು ಕೆಳಗೆ ಇಳಿಸಿದೆವು, ನಿಂತಿತು. ಮನೆಯಲ್ಲಿ ಅವನ ಅಕ್ಕನ ಕೂಸು ಇತ್ತು ಅಂತ ಲ್ಯಾಬಿಗೂ ಕಳಿಸಿದೆ. ಯುರೇನಿಯಂ ಮಿತಿಯ ಒಳಗೇ ಇತ್ತು. ನೈಟ್ರೇಟ್ 45ರ ಗೆರೆ ದಾಟಿತ್ತು. ಹೆಜ್ಜೆ ಹಾಕಿ ಅಳೆದರೆ ಬೋರಿನಿಂದ ಹತ್ತು ಹೆಜ್ಜೆಗೆ, ಮೇಲಿನ ಬದಿಗೆ, ಅವರದೇ ಹೊಸ ಪಾಯಿಖಾನೆಯ ಗುಂಡಿ. ಹೋದ ವರ್ಷ ಅವನೇ ನಿಂತು ತೋಡಿಸಿದ್ದು. ಈಗ ಕೂಸಿಗೆ ಕ್ಯಾನ್ ನೀರು ತರುತ್ತಿದ್ದಾರೆ, ಗುಂಡಿ ಬೇರೆ ಕಡೆ ತೋಡಿಸುವ ಮಾತು ನಡೆದಿದೆ. ಪೈಪು ಇಳಿಸಿದ ಕೂಲಿ ನನಗೆ ಇನ್ನೂ ಬರಬೇಕು.